ಗಜಕರ್ಣಕ್ಕೆ ಲಿಂಬಿ ಹಚ್ಚಿದ ಮನೆ

ನಮ್ಮ ಮನೆಯಲ್ಲಿ ಯಾರೂ ಡಿಗ್ರಿ ಮುಗಿಸಲಾರರು ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಬೇರೆ ಯಾರಾದರೂ ಹೇಳಿದ್ದರೆ ಕಿವಿಗೆ ಹಾಕಿಕೊಳ್ಳದೆ ಇರಬಹುದಿತ್ತು. ಆದರೆ ಇಂಡಿ ತಾಲೂಕಿನ ನಮ್ಮ ಊರಿನಲ್ಲಿ ದೊಡ್ಡಪ್ಪನ ಮಾತಿಗೆ ತೂಕವಿತ್ತು. ಲಿಂಬಿ ತೋಟಕ್ಕೆ ಯಾವಾಗ ನೀರು ಬಿಡಬೇಕು, ಹೂ ಬಿಡಲೆಂದು ಯಾವಾಗ ನೀರು ನಿಲ್ಲಿಸಿ ಗಿಡವನ್ನು ಬಾಡಿಸಬೇಕು ಎಂಬುದನ್ನು ಸುತ್ತಲಿನ ತೋಟದವರು ಅವರನ್ನು ಕೇಳಿಯೇ ಮಾಡುತ್ತಿದ್ದರು. ಡಿಗ್ರಿಯ ಮಾತನ್ನು ಅವರು ಸಿಟ್ಟಿನಿಂದಲೂ ಹೇಳಲಿಲ್ಲ, ಚುಚ್ಚಲಿಕ್ಕೂ ಹೇಳಲಿಲ್ಲ. ಆಕಾಶ ನೋಡಿ ಈ ಮೋಡದಲ್ಲಿ ಮಳೆ ಇಲ್ಲ ಎನ್ನುವ ಹಾಗೆ ಹೇಳಿದರು.

“ನಮ್ಮ ಮನೀದು ಝಳಕಿ ತನಕಾ ಅಷ್ಟ ಹೋಗೂ ಬಸ್ ಇದ್ದಂಗ ಐತಿ ತಂಗಿ. ನಿಮ್ಮಪ್ಪ ಏಳನೇತ್ತಾಗ ಇಳದ. ನಾ ಹತ್ತನೇತ್ತಾಗ ಇಳದೆ. ನಿಮ್ಮಣ್ಣ ಪಿಯುಸಿ ತನಕಾ ಸೀಟ ಹಿಡದ ಕುಂತಿದ್ದ, ಅಲ್ಲಿ ಕಂಡಕ್ಟರ ತಾನ ಕೈ ಹಿಡದ ಇಳಿಸಿದ. ಮುಂದ ನಮ್ಮ ಬಸ್ ಹೋಗೂದಿಲ್ಲ.”

“ನಾ ಬ್ಯಾರೆ ಬಸ್ ಹತ್ತೇನಿ, ದೊಡ್ಡಪ್ಪ,” ಎಂದೆ.

“ಹತ್ತು. ಬ್ಯಾಡ ಅಂದವ್ರು ಯಾರು. ಎಲ್ಲಿ ಇಳಿತಿ ಅಷ್ಟ ನೋಡ್ತೇನಿ.”

ಹಾಗೆಂದವರು ತಾವೇ ನನ್ನ ಟ್ರಂಕು ಹೊತ್ತು ಸಿಂದಗಿಯ ಬಸ್ಸಿಗೆ ಹಾಕಿದರು. ಅಲ್ಲಿಯ ಕಾಲೇಜಿನಲ್ಲಿ ಬಿಎಸ್ಸಿ, ಅಲ್ಲಿಯೇ ಹುಡುಗಿಯರ ಹಾಸ್ಟೆಲ್. ಮೊದಲ ವರ್ಷ ಮುಗಿಯಿತು, ಎರಡನೆಯದೂ ಮುಗಿಯಿತು. ಪ್ರತಿ ಸಲ ರಜೆಗೆ ಬಂದಾಗ ದೊಡ್ಡಪ್ಪ ಕಟ್ಟೆಯ ಮೇಲಿಂದಲೇ, “ಇನ್ನೂ ಕುಂತೀಯೇನ ಸೀಟಿನ್ಯಾಗ?” ಎಂದು ಕೇಳುತ್ತಿದ್ದರು. ನಾನು, “ಕಿಡಕಿ ಬಾಜೂನ ಕುಂತೇನಿ,” ಎನ್ನುತ್ತಿದ್ದೆ. ಅದು ನಮ್ಮಿಬ್ಬರ ನಡುವಿನ ಆಟವಾಗಿತ್ತು. ಆಟದ ಕೆಳಗೆ ಅವರ ನಂಬಿಕೆ ಹಾಗೆಯೇ ಇತ್ತು, ನನ್ನ ಹಟವೂ ಹಾಗೆಯೇ ಇತ್ತು.

ಕೊನೆಯ ವರ್ಷ ಯುಗಾದಿಗೆ ಮನೆಗೆ ಬಂದು ಹಾಸ್ಟೆಲ್ಲಿಗೆ ಮರಳಿದ ಮೇಲೆ ನನಗೆ ತುರಿಕೆ ಶುರುವಾಯಿತು. ಪೈಜಾಮದ ಲಾಡಿ ಬಿಗಿಯುವ ಜಾಗದಲ್ಲಿ, ಸೊಂಟದ ಎಡಕ್ಕೆ ಒಂದು ಕೆಂಪು ಚುಕ್ಕೆ. ಬೆವರಿನ ಗುಳ್ಳೆ ಇರಬೇಕು ಎಂದುಕೊಂಡೆ. ಸಿಂದಗಿಯ ಬೇಸಿಗೆಯಲ್ಲಿ ಮೈ ತುರಿಸದವರು ಯಾರಿದ್ದಾರೆ. ಆದರೆ ಚುಕ್ಕೆ ನಾಣ್ಯವಾಯಿತು, ನಾಣ್ಯ ಬಳೆಯಾಯಿತು. ನಡುವೆ ಚರ್ಮ ತಿಳಿಯಾಗಿ, ಅಂಚು ಮಾತ್ರ ಕೆಂಪಗೆ ಉಬ್ಬಿ ಸುತ್ತಲೂ ಹರಿಯತೊಡಗಿತು. ಗಜಕರ್ಣ ಎಂದು ಗೊತ್ತಾಗಲು ಬಿಎಸ್ಸಿ ಬೇಕಿರಲಿಲ್ಲ. ಅದು ಬೂಸಲಿನ, ಅಂದರೆ ಫಂಗಸ್ಸಿನ ಕುಲದ್ದು ಎಂಬುದನ್ನು ಮಾತ್ರ ನಾನು ಪುಸ್ತಕದಲ್ಲಿ ಓದಿದ್ದೆ. ಓದಿದ್ದರಿಂದ ತುರಿಕೆಯೇನೂ ಕಡಿಮೆಯಾಗಲಿಲ್ಲ.

ಕೋಣೆಯಲ್ಲಿ ಆರು ಹುಡುಗಿಯರು, ಬಟ್ಟೆಗೆ ಒಂದೇ ಹಗ್ಗ. ಪಕ್ಕದ ಮಂಚದವಳ ತೋಳಿನಲ್ಲಿ ಒಂದು ಚುಕ್ಕೆ ಕಂಡ ದಿನ ಸುದ್ದಿ ವಾರ್ಡನ್ನರಿಗೆ ಹೋಯಿತು. ಅವರು ಕೆಟ್ಟವರಲ್ಲ. ನನ್ನನ್ನು ಒಳಗೆ ಕರೆದು, ಬಾಗಿಲು ಮುಂದಕ್ಕೆ ಮಾಡಿ ಹೇಳಿದರು.

“ಮನಿಗೆ ಹೋಗಿ ಆರಾಮ ಮಾಡ್ಕೊಂಡ ಬಾರವಾ. ಪ್ರಾಕ್ಟಿಕಲ್‌ಕಿಂತ ಮದಲ ಬಾ. ಖರೆ, ಇದನ್ನ ಜೋಡಿ ಕರಕೊಂಡ ಬರಬ್ಯಾಡ. ಉಳದ ಹುಡುಗ್ಯಾರ ಅವ್ವ-ಅಪ್ಪಗೋಳಿಗೆ ನಾ ಏನ ಹೇಳ್ಲಿ?”

ನಮ್ಮ ಊರಿನಿಂದ ಸಿಂದಗಿಗೆ ಬೆಳಗಿನ ಪರೀಕ್ಷೆಯ ಹೊತ್ತಿಗೆ ಮುಟ್ಟಿಸುವ ಬಸ್ಸೇ ಇಲ್ಲ. ಹಾಸ್ಟೆಲ್ ಇಲ್ಲವೆಂದರೆ ಪ್ರಾಕ್ಟಿಕಲ್ ಇಲ್ಲ. ಪ್ರಾಕ್ಟಿಕಲ್ ತಪ್ಪಿದರೆ ಒಂದು ವರ್ಷ ಹೋಗುತ್ತದೆ. ನಮ್ಮಂಥ ಮನೆಗಳಲ್ಲಿ ಹೋದ ಒಂದು ವರ್ಷ ಒಂದೇ ವರ್ಷವಾಗಿ ಉಳಿಯುವುದಿಲ್ಲ. ದೊಡ್ಡಪ್ಪನ ಮಗ, ನಮ್ಮ ಅಣ್ಣನದೂ ಹಾಗೆಯೇ ಆಗಿತ್ತು. ಟೈಫಾಯ್ಡ್ ಬಂದು ಪಿಯುಸಿ ಪರೀಕ್ಷೆ ತಪ್ಪಿತು, ಬರುವ ವರ್ಷ ಬರೆದರಾಯಿತು ಎಂದರು, ಆ ಬರುವ ವರ್ಷ ಇನ್ನೂ ಬಂದಿಲ್ಲ. ಟ್ರಂಕನ್ನು ಹಾಸ್ಟೆಲ್ಲಿನಲ್ಲೇ ಬಿಟ್ಟು, ಒಂದು ಚೀಲ ಹಿಡಿದು ಬಸ್ಸು ಹತ್ತಿದೆ. ಟ್ರಂಕು ಅಲ್ಲಿದ್ದರೆ ನಾನೂ ಅಲ್ಲಿಯವಳೇ ಎಂಬ ಧೈರ್ಯ.

ಕಟ್ಟೆಯ ಮೇಲೆ ದೊಡ್ಡಪ್ಪ ಕುಳಿತಿದ್ದರು. ರಜೆಯಲ್ಲದ ಹೊತ್ತಿನಲ್ಲಿ ಬಂದ ನನ್ನನ್ನು ಮೇಲಿಂದ ಕೆಳಗೆ ನೋಡಿದರು.

“ಇಳಿಸಿದ್ರೇನ?”

“ಇಳಿಸಿಲ್ಲ. ಚಾ ಕುಡ್ಯಾಕ ಬಸ್ ನಿಂತೈತಿ,” ಎಂದೆ. ನನ್ನ ದನಿ ನಾನಂದುಕೊಂಡಷ್ಟು ಗಟ್ಟಿಯಾಗಿರಲಿಲ್ಲ.

ಆಯಿ, ಅಂದರೆ ದೊಡ್ಡಪ್ಪನನ್ನೂ ನಮ್ಮಪ್ಪನನ್ನೂ ಹೆತ್ತವಳು, ನನ್ನ ಸೊಂಟ ನೋಡಿ ನಕ್ಕುಬಿಟ್ಟಳು.

“ಇದಕ್ಕ ಸಾಲಿ ಬಿಟ್ಟ ಬಂದಿಯೇನ ಬೇ? ಲಿಂಬಿ ಬೆಳೆಯೋ ಮನ್ಯಾಗ ಹುಟ್ಟಿ ಹುಳಕಡ್ಡಿಗೆ ಔಷಧ ಕೇಳತಿ?”

ನಮ್ಮ ಮನೆಯಲ್ಲಿ ಲಿಂಬಿ ಹಣ್ಣು ತಿನ್ನುವ ವಸ್ತುವಿಗಿಂತ ಹೆಚ್ಚಾಗಿ ಹಚ್ಚುವ ವಸ್ತು. ತಲೆ ಹೊಟ್ಟಿಗೆ ಲಿಂಬಿ, ಹಿಮ್ಮಡಿ ಒಡೆದರೆ ಲಿಂಬಿ, ತಾಮ್ರದ ಹಂಡೆ ಕಪ್ಪಾದರೆ ಲಿಂಬಿ, ಹೊಸ ಟ್ರ್ಯಾಕ್ಟರಿನ ಗಾಲಿಯ ಕೆಳಗೂ ಲಿಂಬಿ. ಪೇಟೆಗೆ ಹೋಗದ ಹುಳುಕು ಹಣ್ಣುಗಳ ಬುಟ್ಟಿ ಬಚ್ಚಲ ಬಾಗಿಲಲ್ಲಿ ಸದಾ ಇರುತ್ತಿತ್ತು. ಆಯಿ ಅದರಿಂದ ಒಂದು ಹಣ್ಣು ತೆಗೆದು, ಅರ್ಧ ಮಾಡಿ, ಉಪ್ಪಿನಲ್ಲಿ ಅದ್ದಿ, ಬಳೆಯ ಅಂಚಿನುದ್ದಕ್ಕೂ ತಿಕ್ಕಿದಳು. ನನ್ನ ಕಣ್ಣಲ್ಲಿ ನೀರು ಬಂತು. ಮೊಣಕೈ ಹತ್ತಿರ ಇನ್ನೊಂದು ಸಣ್ಣದು ಹುಟ್ಟಿತ್ತು, ಅದಕ್ಕೂ ತಿಕ್ಕಿದಳು. ಆಮೇಲೆ ನಮ್ಮ ಕಡೆಯ ಚಿಕಿತ್ಸೆಯ ಎರಡನೆಯ ಭಾಗ: “ಹೋಗು, ಬಿಸಲಾಗ ನಿಂದರು. ಒಣಗಿದ್ರ ಸಾಯತೈತಿ.”

ಏಪ್ರಿಲ್ ಬಿಸಿಲು. ಅಂಗಳದಲ್ಲಿ ತೋಳು ಚಾಚಿ, ಕಮೀಜು ಸ್ವಲ್ಪ ಮೇಲೆತ್ತಿ ಗೋಡೆಯ ಕಡೆ ಮುಖ ಮಾಡಿ ನಿಂತೆ. ದಿನವೂ ಅದೇ. ಮೊದಲು ಉರಿ ಬಂತು, ಆಮೇಲೆ ಸಣ್ಣ ಗುಳ್ಳೆಗಳು ಬಂದವು, ಗುಳ್ಳೆ ಇಳಿದ ಮೇಲೆ ಚರ್ಮ ಕರ್ರಗಾಯಿತು. ರಸ ಹರಿದು ಹೋದ ದಾರಿಯಲ್ಲೆಲ್ಲ ತೋಳಿನ ಮೇಲೆ ಕಪ್ಪು ಗೆರೆಗಳು ಮೂಡಿದವು.

ಆಯಿಗೆ ಆನಂದ. ಓಣಿಯ ಹೆಂಗಸರನ್ನು ಕರೆದು ತೋರಿಸಿದಳು. “ನಂಜು ಸುಟ್ಟೈತಿ ನೋಡ್ರಿ. ಕರ್ರಗ ಆತಂದ್ರ ಸತ್ತತು.”

ಅವರೂ ತಲೆದೂಗಿದರು. ನಮ್ಮ ಭಾಗದ ಲಿಂಬಿ ತೋಟದವರ ಮುಂಗೈ ನೋಡಿದರೆ ಇಂಥ ಕಪ್ಪು ಕಲೆ ಯಾರಿಗಿಲ್ಲ. ಹಣ್ಣು ಆಯುವಾಗ ರಸ ಸಿಡಿದು ಬಿಸಿಲಿಗೆ ಬಿದ್ದ ಕಲೆಗಳವು. ನಾವೆಲ್ಲ ಅದನ್ನು ಲಿಂಬಿ ದೇಹದಿಂದ ಕೆಟ್ಟದ್ದನ್ನು ಎಳೆದು ತೆಗೆದ ಗುರುತು ಎಂದೇ ತಿಳಿದು ಬೆಳೆದವರು. ನಾನೂ ಖುಷಿಯಿಂದಲೇ ಆ ಕಪ್ಪನ್ನು ನೋಡಿಕೊಂಡೆ. ವಾರ ಕಳೆಯುವುದರೊಳಗೆ ಆ ಕಪ್ಪಿನ ಆಚೆ ಬದಿಗೆ ಹೊಸ ಕೆಂಪು ಅಂಚು ಎದ್ದಿತು. ಬಳೆ ಸತ್ತಿರಲಿಲ್ಲ, ದೊಡ್ಡದಾಗಿತ್ತು.

ಸುದ್ದಿ ಬಂಧುಗಳಿಗೆ ಮುಟ್ಟಿತು. ಒಬ್ಬೊಬ್ಬರದೂ ಒಂದೊಂದು ಔಷಧ. ಮುದ್ದೇಬಿಹಾಳದ ಅತ್ತಿ, ಅಪ್ಪನ ತಂಗಿ, ಸುದ್ದಿ ಕೇಳಿದ ಮರುದಿನವೇ ಹೊಂಗೆ ಎಣ್ಣೆಗೆ ಬೇವಿನೆಣ್ಣೆ ಬೆರೆಸಿದ ಬಾಟಲಿ ಹಿಡಿದು ಬಂದಳು. ಅದನ್ನು ಹಚ್ಚಿಕೊಂಡರೆ ನಾನು ಕುಳಿತಲ್ಲಿಂದ ಬೆಕ್ಕು ಎದ್ದು ಹೋಗುತ್ತಿತ್ತು. ಆಮೇಲೆ ಅತ್ತಿ ಬೇಲಿಯ ಬುಡದಲ್ಲಿ ಗಜಕರ್ಣದ ಸೊಪ್ಪು ಹುಡುಕಿದಳು. ಹಳದಿ ಹೂವಿನ ಆ ಗಿಡ ಮಳೆಗಾಲದ್ದು, ಬೇಸಿಗೆಯಲ್ಲಿ ಒಣ ಕಡ್ಡಿಯಷ್ಟೇ ಸಿಕ್ಕಿತು. ಅದರ ಬೀಜವನ್ನೇ ಹುಳಿ ಮಜ್ಜಿಗೆಯಲ್ಲಿ ನೆನೆಹಾಕಿ ಅರೆದು ಬಳಿದಳು. ತಂಪಾಗಿತ್ತು, ಒಂದು ಹೊತ್ತು ತುರಿಕೆ ನಿಂತಿತು. ಅದಕ್ಕಾಗಿ ಅತ್ತಿಗೆ ನಾನು ಇವತ್ತಿಗೂ ಋಣಿ. ಒಂದು ಹೊತ್ತು ನಿದ್ದೆ ಸಿಕ್ಕರೆ ಅದೇನು ಸಣ್ಣದೇ.

ಬಸವನ ಬಾಗೇವಾಡಿಯಲ್ಲಿ ಗ್ಯಾರೇಜು ಇಟ್ಟುಕೊಂಡಿರುವ ಅಣ್ಣ, ದೊಡ್ಡಪ್ಪನ ಮಗ, ಈ ಎಣ್ಣೆ ಸೊಪ್ಪುಗಳನ್ನೆಲ್ಲ ನೋಡಿ ನಕ್ಕ. ಜೇಬಿನಿಂದ ಅರ್ಧ ಹಿಂಡಿದ ಒಂದು ಟ್ಯೂಬು ತೆಗೆದ. ಅವನ ಗೆಳೆಯನದಂತೆ. “ಇದನ್ನ ಹಚ್ಚ. ರಾಕೆಟ್ ಇದ್ದಂಗ ಐತಿ.” ಹೌದು, ರಾಕೆಟ್ಟೇ. ಮರುದಿನವೇ ಕೆಂಪು ಹೋಯಿತು, ತುರಿಕೆ ಹೋಯಿತು. ನಾನು ಚೀಲ ಕಟ್ಟಲು ಕುಳಿತೆ. ಟ್ಯೂಬು ಮುಗಿಯಿತು. ಮುಗಿದ ಮೇಲೆ ಅದು ಹೋದ ದಾರಿಯಲ್ಲೇ ಮರಳಿ ಬಂತು. ಈ ಸಲ ಹೊಟ್ಟೆಯ ಮುಂಭಾಗಕ್ಕೂ ಹರಡಿತ್ತು.

ಇಷ್ಟೂ ದಿನ ಅವ್ವ ಏನೂ ಹೇಳಿರಲಿಲ್ಲ. ಹಿರಿಯರು ಔಷಧ ಹಚ್ಚುವಾಗ ಅವಳು ನಡುವೆ ಬಾಯಿ ಹಾಕುವವಳಲ್ಲ. ಆವತ್ತು ರೊಟ್ಟಿ ಬಡಿಯುತ್ತಿದ್ದವಳು ಕೈ ನಿಲ್ಲಿಸಿ, ಯಾರ ಮುಖವನ್ನೂ ನೋಡದೆ, “ನಾಳೆ ಇಂಡಿ ದವಾಖಾನಿಗೆ ಹೋಗೂನು,” ಎಂದಳು. ಮತ್ತೆ ರೊಟ್ಟಿ ಬಡಿದಳು.

ಕಟ್ಟೆಯಿಂದ ದೊಡ್ಡಪ್ಪ ಅಂದರು: “ಮೈಯ ಬ್ಯಾಡ ಅನ್ನಾಕತ್ತೈತಿ. ಯಾಕ ಜಗ್ಗಾಡ್ತೀರಿ. ಇಲ್ಲೇ ತೋಟ ನೋಡ್ಕೊಂಡ ಇರಲಿ.”

ಅವ್ವ ಇನ್ನೂ ಜೋರಾಗಿ ಬಡಿದಳು. ಆ ರೊಟ್ಟಿ ಅವತ್ತು ಸೀರೆಯ ಸೆರಗಿನಷ್ಟು ತೆಳ್ಳಗಾಗಿತ್ತು.

ಇಂಡಿಯ ಡಾಕ್ಟರಬಾಯಿ ನಡುವಯಸ್ಸಿನವರು, ಕನ್ನಡಕವನ್ನು ಹಣೆಯ ಮೇಲೆ ಏರಿಸಿಕೊಂಡು ಕಣ್ಣಿಗೆ ಹತ್ತಿರ ಹಿಡಿದು ನೋಡುವವರು. ನನ್ನ ತೋಳು ತಿರುಗಿಸಿ ನೋಡಿದವರೇ ಕೇಳಿದರು.

“ಲಿಂಬಿ ತೋಟದವರೇನವಾ?”

“ಹೌದ್ರಿ.”

“ಲಿಂಬಿ ಹಚ್ಚಿ ಬಿಸಲಿಗೆ ನಿಲ್ಲಿಸ್ಯಾರ. ಕರ್ರಗ ಆಗಿದ್ದಕ್ಕ ಖುಷಿನೂ ಪಟ್ಟಾರ.”

ಅವ್ವ ತಲೆ ತಗ್ಗಿಸಿದಳು. ಡಾಕ್ಟರಬಾಯಿ ನಕ್ಕರು. “ನಮ್ಮ ಇಂಡಿ ಮಂದಿಗೆ ಇದನ್ನ ಹೇಳಿ ಹೇಳಿ ಸಾಕಾಗೇತಿ. ಲಿಂಬಿ ರಸ ಮೈಮ್ಯಾಲಿದ್ದು ಬಿಸಲು ಬಿದ್ರ ಚರ್ಮ ಸುಡತೈತಿ. ಇದು ಔಷಧ ತಾಗಿದ ಗುರ್ತಲ್ಲ, ಸುಟ್ಟ ಗಾಯ. ಗಜಕರ್ಣ ಒಂದಿತ್ತು, ನೀವು ಜೋಡಿಗೆ ಇನ್ನೊಂದ ಮಾಡ್ಕೊಂಡೀರಿ.”

ಟ್ಯೂಬಿನ ಕಥೆ ಕೇಳಿ ಅವರು ನಗಲಿಲ್ಲ. ಅಂಥ ಟ್ಯೂಬುಗಳಲ್ಲಿ ತುರಿಕೆ ಅಡಗಿಸುವ ಸ್ಟೀರಾಯ್ಡ್ ಬೆರೆಸಿರುತ್ತದೆ, ತುರಿಕೆ ಅಡಗುತ್ತದೆ, ಬೂಸಲು ಮಾತ್ರ ಒಳಗೊಳಗೆ ಬೆಳೆಯುತ್ತದೆ ಎಂದು ತಿಳಿಸಿ, ಬೇರೆ ಮುಲಾಮು ಮತ್ತು ಗುಳಿಗೆ ಬರೆದರು. ಕಲೆ ಕಾಣದಂತಾದ ಮೇಲೂ ತಾವು ಹೇಳುವ ತನಕ ಬಿಡಬಾರದು ಎಂದರು.

“ಬೇವಿನ ನೀರು ಹಾಕ್ಕೋಬಹುದೇನ್ರಿ?” ಅವ್ವ ಕೇಳಿದಳು. ಏನಾದರೂ ಒಂದು ನಮ್ಮ ಮನೆಯದು ಉಳಿಯಲಿ ಎಂಬಂತಿತ್ತು ಆ ಪ್ರಶ್ನೆ.

“ಹಾಕ್ಕೋರಿ. ಸುಟ್ಟ ಗಾಯ ಮಾಯಿದ ಮ್ಯಾಲ. ಮೈ ತಂಪ ಅನಸತೈತಿ. ಆದ್ರ ಅದ ಔಷಧ ಅಂತ ತಿಳಕೊಂಡ ಮುಲಾಮು ಬಿಡಬ್ಯಾಡ್ರಿ. ಜಳಕ ಆದ ಮ್ಯಾಲ ಮೈ ಒಣಾ ಒಣಾ ಒರಸ್ಕೋಬೇಕು. ಬೂಸಲಿಗೆ ಹಸಿ ಬೇಕು. ಹಸಿ ಸಿಗಲಿಲ್ಲಂದ್ರ ಅದಕ್ಕ ಅನ್ನ ಇಲ್ಲ. ಒಬ್ಬೊಬ್ಬರಿಗೆ ಒಂದೊಂದ ಟಾವೆಲ್. ಹಾಸಿಗಿ ಬಟ್ಟಿ ಎಲ್ಲ ಕುದಿಯೋ ನೀರಾಗ ಹಾಕಿ ಬಿಸಲಿಗೆ ಒಣಗಿಸ್ರಿ. ಬಿಸಲಾಗ ನಿಲ್ಲಿಸೂದು ಕೌದಿನ, ಹುಡುಗಿನ ಅಲ್ಲ.” ಆಮೇಲೆ ಪೆನ್ನು ಕೆಳಗಿಟ್ಟು ಕೇಳಿದರು: “ಮನ್ಯಾಗ ಮತ್ತ ಯಾರಿಗೈತಿ?”

“ಯಾರಿಗೂ ಇಲ್ರಿ.”

“ಎಲ್ಲಾರೂ ಹಂಗ ಅಂತಾರ. ಹೋಗಿ ಸರಿಯಾಗಿ ನೋಡ್ರಿ.”

ಮರುದಿನದ ಕೌದಿ ಒಗೆತವನ್ನು ನೆನೆದರೆ ಈಗಲೂ ನನಗೆ ಹಿಗ್ಗು. ಆಯಿ ಹೊಲಿದ ಕೌದಿಗಳೆಂದರೆ ನಮ್ಮ ಮನೆಯ ಇತಿಹಾಸ. ಒಂದೊಂದು ಚೂರಿನಲ್ಲೂ ಯಾರದೋ ಹಳೆಯ ಇಳಕಲ್ ಸೀರೆ, ಯಾರದೋ ಅಂಗಿ. ಒಂದೊಂದಕ್ಕೂ ಒಂದು ಎಮ್ಮೆ ಕರುವಿನ ಭಾರ. ಹಿತ್ತಲಲ್ಲಿ ಕಲ್ಲಿನ ಒಲೆ ಹೂಡಿ, ಮದುವೆಯ ಅಡುಗೆಗೆ ತೆಗೆಯುವ ದೊಡ್ಡ ಹಂಡೆಯಲ್ಲಿ ನೀರು ಕುದಿಸಿ, ಅಪ್ಪ, ಅವ್ವ, ಅತ್ತಿ, ನಾನು ಕೋಲು ಹಿಡಿದು ಕೌದಿಗಳನ್ನು ಮುಳುಗಿಸಿದೆವು. ಮೊದಮೊದಲು ಆಯಿ, “ನನ್ನ ಹೊಲಿಗಿ ಬಿಚ್ಚತೈತಿ,” ಎಂದು ಬೈಯುತ್ತ ಸುತ್ತಿದಳು. ಲಿಂಬಿಯ ಮಾತು ಸುಳ್ಳಾದದ್ದು ಅವಳಿಗೆ ನುಂಗಲಾಗಿರಲಿಲ್ಲ. ಆಮೇಲೆ ನೀರಿನ ಬಣ್ಣ ನೋಡಿ ತಾನೇ ಕೋಲು ಕಿತ್ತುಕೊಂಡಳು. ಲಿಂಬಿ ಗಿಡಗಳ ಸಾಲಿನುದ್ದಕ್ಕೂ ಹಗ್ಗ ಕಟ್ಟಿ ಕೌದಿಗಳನ್ನು ಹರವಿದಾಗ ತೋಟಕ್ಕೆ ಹಬ್ಬ ಬಂದಂತೆ ಕಂಡಿತು.

ಅಪ್ಪ ಇಂಡಿಯ ಸಂತೆಯಿಂದ ಎಲ್ಲರಿಗೂ ಬೇರೆ ಬೇರೆ ಬಣ್ಣದ ಟಾವೆಲ್ ತಂದ. ನನಗೆ ಕೆಂಪು, ಅವ್ವಗೆ ಹಳದಿ, ಆಯಿಗೆ ಬಿಳಿ, ದೊಡ್ಡಪ್ಪನಿಗೆ ಹಸಿರು. ದೊಡ್ಡಪ್ಪ ಹಸಿರು ಟಾವೆಲನ್ನು ನೋಡಿ, “ನಾನೇನ ಬಸ್ ಸ್ಟ್ಯಾಂಡಿನ್ಯಾಗ ಅದೇನೇನ, ನನ್ನ ಸಾಮಾನ ನಾ ಗುರ್ತ ಹಿಡ್ಯಾಕ,” ಎಂದು ಮೊಳೆಗೆ ತೂಗುಹಾಕಿದರು. ಅದು ಮಡಿಕೆ ಬಿಚ್ಚದೆ ಅಲ್ಲೇ ಉಳಿಯಿತು. ಅವರು ಮೊದಲಿನಂತೆ ಬಚ್ಚಲಿನಿಂದ ಬಂದು ಹಗ್ಗದ ಮೇಲೆ ಕೈಗೆ ಸಿಕ್ಕಿದ್ದನ್ನು ಎಳೆದು ಮೈ ಒರೆಸಿಕೊಳ್ಳುತ್ತಿದ್ದರು.

ಮುಲಾಮು ತನ್ನ ಕೆಲಸ ಮಾಡಿತು. ಸೊಂಟದ ಬಳೆ ಮಸುಕಾಯಿತು, ಹೊಟ್ಟೆಯದು ಅಳಿಸಿತು. ಪ್ರಾಕ್ಟಿಕಲ್ ಹತ್ತಿರ ಬಂದಿತ್ತು. ಅಷ್ಟರಲ್ಲಿ ಒಂದು ಬೆಳಿಗ್ಗೆ ಬೆನ್ನಿನ ಮೇಲೆ, ಹಿಂದೆಂದೂ ಇರದ ಜಾಗದಲ್ಲಿ, ಹೊಸ ಚುಕ್ಕೆ. ಅವ್ವ ನೋಡಿ ಅದಕ್ಕೂ ಮುಲಾಮು ಹಚ್ಚಿದಳು. ನಾನು ಅವತ್ತು ಪುಸ್ತಕ ಮುಚ್ಚಿ ಲಿಂಬಿ ಆಯಲು ಹೋದೆ. ಇಲ್ಲಿಯೇ ಇರುವುದಾದರೆ ಇದೇ ಕೆಲಸ, ಕೈ ಪಳಗಲಿ ಎಂದು. ಬಿಎಸ್ಸಿಯ ಮೂರು ವರ್ಷ ಒಂದು ಚುಕ್ಕೆಯ ಕೆಳಗೆ ಮುಚ್ಚಿಹೋಗುತ್ತದೆಯಲ್ಲ ಎಂದು ಮುಳ್ಳಿನ ನಡುವೆ ಕೈ ಹಾಕುತ್ತಲೇ ಅತ್ತೆ.

ಕಂಡುಹಿಡಿದವಳು ಆಯಿ. ಮಧ್ಯಾಹ್ನ ಊಟವಾದ ಮೇಲೆ ದೊಡ್ಡಪ್ಪ ಕಟ್ಟೆಯ ಕಂಬಕ್ಕೆ ಒರಗಿ, ಎಮ್ಮೆ ಗೂಟಕ್ಕೆ ಮೈ ತಿಕ್ಕುವಂತೆ ನಡು ತಿಕ್ಕುತ್ತಿದ್ದರು. ಮುಖದಲ್ಲಿ ಪರಮ ಸುಖ. ಆಯಿ ಎಲೆ ಅಡಿಕೆ ಅಗಿಯುವುದನ್ನು ನಿಲ್ಲಿಸಿದಳು.

“ದೊಡ್ಡಾಂವಾ, ಇತ್ತ ಬಾ.”

“ಯಾಕಬೇ?”

“ಅಂಗಿ ಎತ್ತು.”

“ಏ, ನಿನಗೇನ ಹುಚ್ಚ ಹಿಡದೈತೇನ? ಮೊಮ್ಮಕ್ಕಳಾಗ್ಯಾವ ನನಗ.”

“ನಿನ್ನ ಮೊಮ್ಮಕ್ಕಳಿಗೆ ನಾ ಏನ ಅಂದೆ? ನಾ ನನ್ನ ಮಗಗ ಅನ್ನಾಕತ್ತೇನಿ. ಎತ್ತು.”

ಎಂಬತ್ತು ದಾಟಿದ ಆಯಿಯ ಮುಂದೆ ಅರವತ್ತು ದಾಟಿದ ದೊಡ್ಡಪ್ಪ ಅಂಗಿ ಎತ್ತಿದರು. ನಡುವಿನ ಸುತ್ತ, ಉಡದಾರ ಕೂತ ಗೆರೆಯುದ್ದಕ್ಕೂ, ಒಂದರ ಪಕ್ಕ ಒಂದು ಬಳೆಗಳು. ಯುಗಾದಿಗೂ ಮೊದಲಿನವು, ಹಳೆಯವು. ಬಟ್ಟೆಯ ಕೆಳಗೆ ಗಂಡಸರು ನಡುವಿಗೆ ಕಟ್ಟಿಕೊಳ್ಳುವ ಆ ಕರಿ ದಾರ ಜಳಕದ ನೀರು ಕುಡಿದು, ಬೆವರು ಕುಡಿದು, ದಿನವಿಡೀ ಹಸಿಯಾಗಿಯೇ ಇರುತ್ತಿತ್ತು. ಬೂಸಲಿಗೆ ಅದಕ್ಕಿಂತ ಒಳ್ಳೆಯ ಮನೆ ಎಲ್ಲಿ ಸಿಗಬೇಕು. ದೊಡ್ಡವ್ವ ತೀರಿಕೊಂಡ ಮೇಲೆ ಅವರ ಬೆನ್ನಿಗೆ ಏನಾಗಿದೆ ಎಂದು ನೋಡುವವರೇ ಇರಲಿಲ್ಲ. ಅವರೂ ಯಾರಿಗೂ ಹೇಳಲಿಲ್ಲ. ಊರಿಗೆ ಬುದ್ಧಿ ಹೇಳುವ ಹಿರಿಯನಿಗೆ ಹುಳಕಡ್ಡಿ ಎಂದರೆ ಹೇಗೆ.

“ಯಾರ ಟಾವೆಲ್ ತಗೋತಿ ದಿನಾ?” ಆಯಿ ಕೇಳಿದಳು.

ದೊಡ್ಡಪ್ಪ ಹಗ್ಗದ ಕಡೆ ನೋಡಿದರು. ಹಗ್ಗದ ಮೇಲೆ ನನ್ನ ಕೆಂಪು ಟಾವೆಲ್ ಹಸಿಯಾಗಿ ತೂಗಾಡುತ್ತಿತ್ತು. ನಾನಿನ್ನೂ ಅವತ್ತು ಜಳಕವನ್ನೇ ಮಾಡಿರಲಿಲ್ಲ.

ಅವರ ಮುಖ ನೋಡಿ ನನ್ನ ಸಿಟ್ಟು ಹುಟ್ಟುವ ಮೊದಲೇ ಇಳಿದುಹೋಯಿತು. ಅಂಗಿ ಕೆಳಗೆ ಬಿಟ್ಟು, “ನಾ ಇದನ್ನ ಬೆವರಗುಳ್ಳಿ ಅಂತ ತಿಳದಿದ್ದೆ,” ಎಂದಷ್ಟೇ ಅಂದರು. ನಾನೂ ಮೊದಲು ಹಾಗೆಯೇ ತಿಳಿದಿದ್ದೆನಲ್ಲ.

ಉಡದಾರ ತೆಗೆಯುವ ಮಾತು ಬಂದಾಗ ಮಾತ್ರ ಅವರು ಜಗ್ಗಲಿಲ್ಲ. “ಉಡದಾರ ಇಲ್ಲದ ಗಂಡಸು ಹೊಸ್ತಿಲಾ ದಾಟಬಾರದು. ನಮ್ಮಪ್ಪ ಕಟ್ಟಿದ್ದು. ಸಾಯೂತನಕಾ ಇರತೈತಿ.”

“ನಿಮ್ಮಪ್ಪ ಕಟ್ಟಿದ್ದು ಎಂದೋ ಹರದ ಹೋಗೇತಿ. ಇದು ಜಾತ್ರ್ಯಾಗ ನಾನ ತಂದದ್ದು,” ಎಂದಳು ಆಯಿ. “ಹೊಸಾದ ಮದಲ ಕಟ್ಟೂದು, ಹಳೇದ ಆಮ್ಯಾಲ ಕೊಯ್ಯೂದು. ಒಂದ ಗಳಿಗಿನೂ ನಡು ಬರೇ ಇರೂದಿಲ್ಲ. ನಿಮ್ಮಪ್ಪಗೂ ಹಂಗ ಮಾಡೇನಿ. ನಿನಗ ಯಾವ ಶಾಸ್ತ್ರ ಕಡಿಮಿ ಬೀಳತೈತಿ?”

ದೊಡ್ಡಪ್ಪ ಮತ್ತೆ ಅಂಗಿ ಎತ್ತಿದರು. ಆಯಿ ತನ್ನ ಸಂಚಿಯಿಂದ ಹೊಸ ಕರಿ ದಾರ ತೆಗೆದು, ಒಣಗಿದ ನಡುವಿಗೆ ಸಡಿಲಾಗಿ ಕಟ್ಟಿ, ಹಳೆಯದನ್ನು ಕುಡಗೋಲಿನಿಂದ ಕೊಯ್ದು ಬಚ್ಚಲ ಒಲೆಗೆ ಹಾಕಿದಳು. ಜಳಕವಾದಾಗಲೆಲ್ಲ ಒಣ ದಾರ ಕಟ್ಟಿ ಹಸಿಯದನ್ನು ತೆಗೆಯುವುದು, ಕುದಿಸಿ ಬಿಸಿಲಿಗೆ ಹಾಕುವುದು ಎಂದು ಅವಳೇ ಕಟ್ಟಳೆ ಮಾಡಿದಳು. ಅಂದಿನಿಂದ ನಮ್ಮ ಹಿತ್ತಲ ಹಗ್ಗದ ಮೇಲೆ ಟಾವೆಲ್‌ಗಳ ಪಕ್ಕ ದೊಡ್ಡಪ್ಪನದೂ ಅಪ್ಪನದೂ ಉಡದಾರಗಳು ತೂಗತೊಡಗಿದವು. ಓಣಿಯವರು ಅದೇನು ಪೂಜೆ ಎಂದು ಕೇಳಿದರು. “ಆರೋಗ್ಯದ್ದು,” ಎಂದಳು ಆಯಿ.

ಮರುದಿನ ಬೆಳಿಗ್ಗೆ ದೊಡ್ಡಪ್ಪ ಇಸ್ತ್ರಿ ಧೋತರ ಉಟ್ಟು ನನ್ನ ಮುಂದೆ ನಿಂತರು. “ನಡಿ, ಇಂಡಿಗೆ.” ಡಾಕ್ಟರಬಾಯಿಯ ಕೋಣೆಯಲ್ಲಿ ತಮ್ಮ ನಡುವನ್ನು ತೋರಿಸುವ ಮೊದಲೇ ಅವರು ಅಂದದ್ದು ನನಗೆ ಪದ ಪದವೂ ನೆನಪಿದೆ.

“ನಂದು ಹಿಂದಾಗಡೆ ನೋಡ್ರಿ. ಮದಲ ಇಕಿದು ನೋಡ್ರಿ. ಇಕಿ ಡಿಗ್ರಿ ಮಾಡಾಕತ್ತಾಳ್ರಿ. ಪರೀಕ್ಷಾ ಬಂದೈತಿ. ಲಗೂ ಆಗಬೇಕು.”

ಡಾಕ್ಟರಬಾಯಿ ನನ್ನ ಕಡೆ ನೋಡಿದರು. “ಯಾರಿಗೂ ಇಲ್ರಿ, ಅಂದಿದ್ರಿ ಹೌದಿಲ್ಲೋ,” ಎಂದು ನಕ್ಕು, ಇಬ್ಬರಿಗೂ ಔಷಧ ಬರೆದರು.

ಮೂಲ ಸಿಕ್ಕ ಮೇಲೆ ಉಳಿದದ್ದು ಕಾಯುವ ಕೆಲಸವಷ್ಟೇ. ಹೊಸ ಚುಕ್ಕೆ ಬೆಳೆಯಲೇ ಇಲ್ಲ. ಅವ್ವ ಕುದಿಸಿದ ಬೇವಿನ ನೀರು, ಒಣ ಟಾವೆಲ್, ಹೊತ್ತು ತಪ್ಪದ ಮುಲಾಮು, ಸಡಿಲು ಲಾಡಿ. ಅತ್ತಿಯ ಎಣ್ಣೆಯ ಬಾಟಲಿ ವ್ಯರ್ಥವಾಗಲಿಲ್ಲ, ಅಪ್ಪ ಅದನ್ನು ಬಂಡಿಯ ಅಚ್ಚಿಗೆ ಹಾಕಿದ. ದೊಡ್ಡಪ್ಪ ಹಸಿರು ಟಾವೆಲನ್ನು ಹೆಗಲ ಮೇಲಿಂದ ಇಳಿಸುತ್ತಲೇ ಇರಲಿಲ್ಲ. ಯಾರಾದರೂ ಅದಕ್ಕೆ ಕೈ ಒರೆಸಲು ಬಂದರೆ, “ಏ, ಹಸರು ನಂದು,” ಎನ್ನುತ್ತಿದ್ದರು.

ಪ್ರಾಕ್ಟಿಕಲ್‌ಗಿಂತ ಮೊದಲೇ ಸಿಂದಗಿಗೆ ಹೋದೆ. ವಾರ್ಡನ್ ಬೆಳಕಿಗೆ ನಿಲ್ಲಿಸಿ ನೋಡಿದರು, ಔಷಧ ಮುಂದುವರಿಸುತ್ತಿದ್ದೇನೆಯೇ ಎಂದು ಕೇಳಿದರು. “ಇದೇನಿದು ಕರಿ ಗೆರಿ?” ಎಂದರು ತೋಳು ನೋಡಿ. “ಲಿಂಬೀದ್ರಿ, ಅಂಟೂದಿಲ್ಲ,” ಎಂದೆ. ನನ್ನ ಟ್ರಂಕು ಇಟ್ಟಲ್ಲೇ ಇತ್ತು. ಪಕ್ಕದ ಮಂಚದವಳೂ ಗುಣವಾಗಿದ್ದಳು. ನಾನು ನನ್ನ ಬಟ್ಟೆಗೆ ಬೇರೆ ಹಗ್ಗ ಕಟ್ಟಿದೆ, ನೋಡಿ ಉಳಿದವರೂ ಕಟ್ಟಿಕೊಂಡರು.

ಸಸ್ಯಶಾಸ್ತ್ರದ ಪ್ರಾಕ್ಟಿಕಲ್ ದಿನ ಸೂಕ್ಷ್ಮದರ್ಶಕದ ಕೆಳಗೆ ನನಗೆ ಸಿಕ್ಕದ್ದು ರೊಟ್ಟಿಯ ಬೂಸಲು. ಸಣ್ಣ ಕಡ್ಡಿಗಳು, ತುದಿಗೆ ಕರಿ ತಲೆಗಳು. ನಗು ತಡೆಯಲಾಗಲಿಲ್ಲ. ಪರೀಕ್ಷಕರು ಇದು ಬೆಳೆಯಲು ಏನು ಬೇಕು ಎಂದು ಕೇಳಿದರು. “ಹಸಿ ಬೇಕು ಸರ್. ಹಸಿ ಇಲ್ಲಂದ್ರೆ ಅದಕ್ಕೆ ಅನ್ನ ಇಲ್ಲ,” ಎಂದುಬಿಟ್ಟೆ. ಅವರು ಕನ್ನಡಕದ ಮೇಲಿಂದ ನೋಡಿ ಅಂಕ ಬರೆದುಕೊಂಡರು. ಪಾಸಾದೆ.

ಪ್ರಮಾಣಪತ್ರ ಕೈಗೆ ಬಂದ ದಿನ ಸಿಂದಗಿಯಿಂದ ಇಂಡಿಗೆ, ಇಂಡಿಯಿಂದ ಊರಿಗೆ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡೇ ಬಂದೆ. ಮನೆಗೆ ಹೋಗದೆ ನೇರ ತೋಟಕ್ಕೆ ನಡೆದೆ. ದೊಡ್ಡಪ್ಪ ಗಿಡದ ಕೆಳಗೆ ಕುಳಿತು ಹಣ್ಣು ಆರಿಸುತ್ತಿದ್ದರು, ಸಣ್ಣದು ಒಂದು ಕಡೆ, ದೊಡ್ಡದು ಒಂದು ಕಡೆ. ನಾನು ಬಿಸಿಲಲ್ಲಿ ನಿಂತು ಪ್ರಮಾಣಪತ್ರವನ್ನು ಚಾಚಿದೆ.

ಅವರು ಕೈ ಚಾಚಿದವರು ಹಿಂದಕ್ಕೆ ತೆಗೆದರು. ಎದ್ದು ಹೋಗಿ ಪೈಪಿನ ನೀರಲ್ಲಿ ಕೈ ತೊಳೆದರು, ಹೆಗಲ ಮೇಲಿನ ಹಸಿರು ಟಾವೆಲಿನಿಂದ ಬೆರಳು ಬೆರಳು ಬಿಡಿಸಿ ಒರೆಸಿದರು, ಮೂಸಿ ನೋಡಿ ಮತ್ತೊಮ್ಮೆ ತೊಳೆದು ಒರೆಸಿದರು. ಆಮೇಲೆ ಎರಡೂ ಕೈಯಲ್ಲಿ ಅದನ್ನು ಅಂಚಿನಲ್ಲಿ ಹಿಡಿದುಕೊಂಡರು. ನನ್ನ ಹೆಸರನ್ನು, ಅದರ ಕೆಳಗೆ ನಮ್ಮಪ್ಪನ ಹೆಸರನ್ನು ನಿಧಾನಕ್ಕೆ ಓದಿದರು.

“ನೆಳ್ಳಿಗೆ ಬಾ ತಂಗಿ,” ಎಂದರು. “ನನ್ನ ಕೈಯಾಗ ಲಿಂಬಿ ರಸ ಉಳದಿದ್ರ ಬಿಸಲಿಗೆ ಇದೂ ಕರ್ರಗ ಆಗತೈತಿ.”